ಮನೆಗೆಲಸದವರ ನೇಮಕ ಮತ್ತು ಮನೆಯವರ ಹೊಣೆ: ವಾಕಡದ ಹಿನ್ನೆಲೆಯಲ್ಲಿ ಒಂದು ಚರಿತ್ರೆ

ಸಂಬಳ ಕೊಟ್ಟು ಅಡುಗೆ, ಪಾತ್ರೆ, ಕಸ-ನೆಲ, ಮಗು ನೋಡಿಕೊಳ್ಳುವ ಕೆಲಸಕ್ಕೆ ಜನರನ್ನು ಇಟ್ಟುಕೊಂಡ ಕುಟುಂಬವು ಕಾನೂನಿಗೂ ತೆರಿಗೆಗೂ ಉತ್ತರ ಕೊಡಬೇಕಾದ ಸಂಗತಿಗಳು ಭಾರತದಲ್ಲಿ ಯಾವ ಒಂದೇ ಕಾಯ್ದೆಯಲ್ಲೂ ಇಲ್ಲ. ಏಳೆಂಟು ಕಡೆ ಚದುರಿರುವ ಈ ಹೊಣೆ ರೂಪುಗೊಂಡ ಬಗೆಯನ್ನು ತಿಳಿಯಲು ಪುಣೆ ಒಳ್ಳೆಯ ಜಾಗ, ಏಕೆಂದರೆ ಇಲ್ಲಿ ಕಾನೂನಿಗಿಂತ ಮೊದಲು ಕೆಲಸದ ಹೆಂಗಸರೇ ಬೀದಿಗೆ ಬಂದರು.

ವಾಕಡ ಪುಣೆಯ ವಾಯವ್ಯಕ್ಕೆ, ಮುಂಬಯಿ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿ, ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಗೆ ಸೇರಿದ ಊರು. ಹೊಲಗದ್ದೆಯ ಹಳ್ಳಿಯಾಗಿದ್ದದ್ದು ಪಕ್ಕದ ಹಿಂಜವಡಿಗೆ ಐಟಿ ಪಾರ್ಕ್ ಬಂದ ಮೇಲೆ ಬಹುಮಹಡಿ ಸೊಸೈಟಿಗಳ ಬಡಾವಣೆಯಾಯಿತು. ಧಾರವಾಡ, ಬೆಳಗಾವಿ, ಬೆಂಗಳೂರಿನಿಂದ ಬಂದ ಕನ್ನಡದ ಕುಟುಂಬಗಳು ಇಲ್ಲಿನ ಫ್ಲ್ಯಾಟುಗಳಲ್ಲಿವೆ. ಕಲಬುರಗಿ, ವಿಜಯಪುರ, ಸೊಲ್ಲಾಪುರ ಸೀಮೆಯಿಂದ ಕೂಲಿ ಹುಡುಕಿಕೊಂಡು ಬಂದ ಹೆಂಗಸರು ಅದೇ ಫ್ಲ್ಯಾಟುಗಳ ಅಡುಗೆಮನೆಯಲ್ಲಿ ದುಡಿಯುತ್ತಾರೆ. ಮರಾಠಿಯಲ್ಲಿ ಮಾತು ಶುರುವಾಗಿ, “ಅಕ್ಕಾರ, ನಾಳಿ ಬರಂಗಿಲ್ರೀ” ಎಂದು ಬಾಗಿಲಲ್ಲಿ ಕನ್ನಡಕ್ಕೆ ತಿರುಗುವುದುಂಟು. ಬರದ ದಿನಕ್ಕೆ ಪುಣೆಯ ಮನೆಗಳಲ್ಲಿ ‘ಖಾಡಾ’ ಎನ್ನುತ್ತಾರೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತಾರೀಕಿನ ಮೇಲೆ ಒಂದು ಗೀಟು, ತಿಂಗಳ ಕೊನೆಗೆ ಗೀಟು ಎಣಿಸಿ ಸಂಬಳ. ಈ ಚರಿತ್ರೆಯ ಜಗಳವೆಲ್ಲ ಆ ಗೀಟಿನ ಸುತ್ತಲೇ ನಡೆದಿದೆ.

ಸ್ವಾತಂತ್ರ್ಯದ ನಂತರ ಸಂಸತ್ತಿನಲ್ಲಿ ಮನೆಗೆಲಸದವರ ಪರವಾಗಿ ಮೊದಲು ದನಿ ಎತ್ತಿದವರಲ್ಲಿ ಪಾಂಡುರಂಗ ನಾಥೂಜಿ ರಾಜಭೋಜ್ ಒಬ್ಬರು. ಪುಣೆಯ ಪರ್ವತಿ ದೇವಾಲಯ ಪ್ರವೇಶದ ಸತ್ಯಾಗ್ರಹದಲ್ಲಿದ್ದ, 1952ರಲ್ಲಿ ಸೊಲ್ಲಾಪುರದಿಂದ ಲೋಕಸಭೆಗೆ ಗೆದ್ದಿದ್ದ ಈ ದಲಿತ ನಾಯಕರು 1959ರಲ್ಲಿ ರಾಜ್ಯಸಭೆಯಲ್ಲಿ ಮನೆಗೆಲಸದವರ ಸೇವಾ ಷರತ್ತುಗಳ ಬಗ್ಗೆ ಖಾಸಗಿ ಮಸೂದೆ ತಂದರು. ಅದು ಕಾಯ್ದೆಯಾಗಲಿಲ್ಲ. ಆಮೇಲೆಯೂ ಇಂಥ ಮಸೂದೆಗಳು ಬಂದವು, ಬಿದ್ದುಹೋದವು. ಮನೆ ಎಂಬುದು ಕಾರ್ಖಾನೆಯಲ್ಲ, ಇನ್‌ಸ್ಪೆಕ್ಟರು ಅದರ ಹೊಸ್ತಿಲು ದಾಟಬಾರದು ಎಂಬ ಎಣಿಕೆ ಅಷ್ಟು ಗಟ್ಟಿಯಾಗಿತ್ತು.

ಪುಣೆಯ ಮುಷ್ಕರ ನಡೆದದ್ದು 1980ರಲ್ಲಿ. ಕಾಯಿಲೆ ಬಿದ್ದು ಕೆಲವು ದಿನ ಬರಲಾಗದ ಒಬ್ಬ ಹೆಂಗಸನ್ನು, ವಾಪಸು ಬಂದಾಗ, ಕೆಲಸದಿಂದ ತೆಗೆದುಹಾಕಲಾಗಿತ್ತು. ಸುತ್ತಲಿನ ಮನೆಗಳ ಹೆಂಗಸರು ತಾವಾಗಿಯೇ ಕೆಲಸ ನಿಲ್ಲಿಸಿದರು, ಮುಷ್ಕರ ಬಡಾವಣೆಯಿಂದ ಬಡಾವಣೆಗೆ ಹರಡಿತು. ನಾಯಕರು, ಪಕ್ಷದವರು ಬಂದದ್ದು ಆಮೇಲೆ. ಇದರಿಂದ ಹುಟ್ಟಿದ ಪುಣೆ ಶಹರ ಮೋಲಕರೀಣ ಸಂಘಟನೆಗೆ ಲೀಲಾ ಭೋಸಲೆ ಮುಖವಾದರು. ‘ಮೋಲ’ ಎಂದರೆ ಬೆಲೆ. ಬೆಲೆ ಪಡೆದು ದುಡಿಯುವವಳು ಮೋಲಕರೀಣ. ಕೂಲಿ ಏರಿಕೆ, ಸಂಬಳ ಸಹಿತ ರಜೆ, ವರ್ಷಕ್ಕೊಮ್ಮೆ ಬೋನಸ್ ಅವರ ಬೇಡಿಕೆಗಳು. ಯಾವ ಕಾಯ್ದೆಯ ಆಸರೆಯೂ ಇಲ್ಲದೆ ಕೇಳಿದ ಬೇಡಿಕೆಗಳಿವು. ಇಂದು ಪುಣೆಯ ಅನೇಕ ಮನೆಗಳಲ್ಲಿ ದೀಪಾವಳಿಗೆ ಒಂದು ತಿಂಗಳ ಸಂಬಳ ಹೆಚ್ಚಿಗೆ ಕೊಡುವ ರೂಢಿಯಿದೆ. ಅದನ್ನು ಮನೆಯವರ ಔದಾರ್ಯ ಎಂದು ಬರೆಯುವುದು ಆ ಹೆಂಗಸರಿಗೆ ಮಾಡುವ ಅನ್ಯಾಯ.

ಕರ್ನಾಟಕ ಬೇರೆ ದಾರಿ ಹಿಡಿಯಿತು. 1948ರ ಕನಿಷ್ಠ ವೇತನ ಕಾಯ್ದೆಯ ಪಟ್ಟಿಗೆ ಮನೆಗೆಲಸವನ್ನು ಸೇರಿಸಿ 2004ರಲ್ಲಿ ದರ ಗೊತ್ತುಮಾಡಿತು. ದೇಶದಲ್ಲಿ ಇದು ಮೊದಲ ಹೆಜ್ಜೆಗಳಲ್ಲೊಂದು. ಮಹಾರಾಷ್ಟ್ರ 2008ರಲ್ಲಿ ಮನೆಗೆಲಸಗಾರರ ಕಲ್ಯಾಣ ಮಂಡಳಿಯ ಕಾಯ್ದೆ ಮಾಡಿತು. 18ರಿಂದ 60 ವರ್ಷದವರು ಹೆಸರು ನೋಂದಾಯಿಸಬಹುದು. ಎರಡು ಹೆರಿಗೆಗಳವರೆಗೆ ತಲಾ 5,000 ರೂಪಾಯಿ, ತೀರಿಕೊಂಡರೆ ಅಂತ್ಯಕ್ರಿಯೆಗೆ 2,000, ವಯಸ್ಸು 55 ದಾಟಿದವರಿಗೆ ‘ಸನ್ಮಾನ ಧನ’ವಾಗಿ 10,000. ಮೊತ್ತಗಳು ಸಣ್ಣವು. ಆದರೂ ನೋಂದಣಿಯ ಬೆಲೆ ಕೋವಿಡ್ ಕಾಲದಲ್ಲಿ ಗೊತ್ತಾಯಿತು. ಸೊಸೈಟಿಗಳು ಗೇಟು ಮುಚ್ಚಿ ಕೆಲಸ ನಿಂತಾಗ, 2021ರಲ್ಲಿ ರಾಜ್ಯ ಸರ್ಕಾರ ಕೊಟ್ಟ 1,500 ರೂಪಾಯಿ ಮಂಡಳಿಯಲ್ಲಿ ಹೆಸರಿದ್ದವರಿಗೆ ಮಾತ್ರ ಬಂತು. ನೋಂದಣಿಗೆ ಬೇಕಾದ ಕಾಗದಗಳಲ್ಲಿ ಕೆಲಸ ಕೊಟ್ಟವರ ಪತ್ರವೂ ಒಂದು: ಇಂಥವರು ಇಷ್ಟು ದಿನದಿಂದ ನಮ್ಮ ಮನೆಯಲ್ಲಿ ದುಡಿಯುತ್ತಿದ್ದಾರೆ ಎಂಬ ಎರಡು ಸಾಲು, ಕೆಳಗೆ ಸಹಿ. ಸಹಿ ಹಾಕಿದರೆ ನಾಳೆ ಪಿ.ಎಫ್. ಕೇಳಿಯಾರು ಎಂದು ಹಿಂಜರಿಯುವವರಿದ್ದಾರೆ. ಈ ಅಂಜಿಕೆಗೆ ಆಧಾರವಿಲ್ಲ. ಭವಿಷ್ಯ ನಿಧಿ ಸಾಮಾನ್ಯವಾಗಿ 20 ಜನರಿರುವ ಸಂಸ್ಥೆಗೆ, ಇ.ಎಸ್.ಐ. 10 ಜನರಿರುವ ಸಂಸ್ಥೆಗೆ ಅನ್ವಯಿಸುವಂಥವು. ಮನೆಗೆ ಅವು ಬರುವುದಿಲ್ಲ.

ಮನೆಯವರನ್ನು ನೇರವಾಗಿ ಕಟ್ಟಿಹಾಕುವ ನಿಯಮಗಳಲ್ಲಿ ಎರಡು ಮುಖ್ಯ. 2006ರ ಅಕ್ಟೋಬರ್ 10ರಿಂದ 14ಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ನಿಷಿದ್ಧ. 2016ರ ತಿದ್ದುಪಡಿಯ ನಂತರ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ ಜೈಲು, 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಇನ್ನೊಂದು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ. ಮನೆಯನ್ನೂ ಕೆಲಸದ ಜಾಗ ಎಂದು ಅದು ಬಾಯಿಬಿಟ್ಟು ಹೇಳಿತು. ಮನೆಗೆಲಸದ ಹೆಂಗಸು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೇಲ್ನೋಟಕ್ಕೆ ಹುರುಳಿದ್ದರೆ ಸಮಿತಿ ಏಳು ದಿನದೊಳಗೆ ಅದನ್ನು ಪೊಲೀಸರಿಗೆ ಕಳಿಸಬೇಕು. ಹೊಸ್ತಿಲ ಬಗೆಗಿನ ಹಳೆಯ ಎಣಿಕೆಯನ್ನು ಇಷ್ಟು ನೇರವಾಗಿ ಮುರಿದ ಕಾನೂನು ಅಪರೂಪ. ಕಾರಿನ ಡ್ರೈವರನ ವಿಷಯ ಮೊದಲಿನಿಂದಲೂ ಬೇರೆ. 1923ರ ಪರಿಹಾರ ಕಾಯ್ದೆಯ ಕಾಲದಿಂದ ಅಪಘಾತದ ಹೊಣೆ ಇಟ್ಟುಕೊಂಡವರ ಮೇಲೆ ಬರುತ್ತ ಬಂದಿದೆ. ಅದಕ್ಕೇ ಖಾಸಗಿ ಕಾರಿನ ವಿಮೆಯಲ್ಲಿ ಸಂಬಳದ ಡ್ರೈವರನ ಹೆಸರಿನಲ್ಲಿ ಒಂದು ಸಣ್ಣ ಸಾಲು ಇರುತ್ತದೆ.

ತೆರಿಗೆಯ ಕಡೆ ಹೇಳುವುದು ಹೆಚ್ಚಿಲ್ಲ. ಸಂಬಳ ಕೊಡುವ ಯಾರೇ ಆಗಲಿ ಮೂಲದಲ್ಲಿ ತೆರಿಗೆ ಮುರಿಯಬೇಕು ಎಂಬುದು 1961ರ ಆದಾಯ ತೆರಿಗೆ ಕಾಯ್ದೆಯ 192ನೇ ಕಲಮಿನಿಂದ ಬಂದ ನಿಯಮ. ಮನೆಯೂ ಇದಕ್ಕೆ ಹೊರತಲ್ಲ. ಆದರೆ ತಿಂಗಳಿಗೆ 18,000 ಪಡೆಯುವ ಡ್ರೈವರನ ವರ್ಷದ ಗಳಿಕೆ 2,16,000, ತೆರಿಗೆಯ ಮಿತಿಗಿಂತ ಬಹಳ ಕೆಳಗೆ. ಆದ್ದರಿಂದ ಮುರಿಯುವ ಪ್ರಸಂಗವೇ ಬರುವುದಿಲ್ಲ. ಕೊಟ್ಟ ಸಂಬಳವನ್ನು ನೌಕರಿದಾರರು ತಮ್ಮ ಆದಾಯದಲ್ಲಿ ಕಳೆದುಕೊಳ್ಳುವಂತೆಯೂ ಇಲ್ಲ. ಕಂಪನಿಯೇ ಅಧಿಕಾರಿಯ ಮನೆಗೆ ಮಾಲಿಯನ್ನೋ ಕಾವಲುಗಾರನನ್ನೋ ಕೊಟ್ಟರೆ ಅದರ ಖರ್ಚು ಅಧಿಕಾರಿಯ ಆದಾಯಕ್ಕೆ ಸೇರುತ್ತದೆ. ನೇರವಾಗಿ ಇಟ್ಟುಕೊಂಡವರ ಸಂಬಳಕ್ಕೆ ಜಿ.ಎಸ್.ಟಿ. ಇಲ್ಲ. ನೋಂದಾಯಿತ ಏಜೆನ್ಸಿಯ ಮೂಲಕ ಬಂದರೆ ಏಜೆನ್ಸಿಯ ಬಿಲ್ಲಿನಲ್ಲಿ ಅದು ಕಾಣುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮನೆಗೆಲಸದವರಿಗಾಗಿ 189ನೇ ಒಡಂಬಡಿಕೆ ಮಾಡಿದಾಗ ಭಾರತ ಪರವಾಗಿ ಮತ ಹಾಕಿತು, ಅನುಮೋದನೆ ಮಾತ್ರ ಕೊಡಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪ್ರತ್ಯೇಕ ಕಾನೂನಿನ ಅಗತ್ಯವನ್ನು ಪರಿಶೀಲಿಸಲು ಸಮಿತಿ ಮಾಡುವಂತೆ ಕೇಂದ್ರಕ್ಕೆ ಹೇಳಿತು. ಅದೇ ವರ್ಷ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆಯು ‘ಕೈಗಾರಿಕೆ’ಯ ವ್ಯಾಖ್ಯೆಯಿಂದ ಮನೆಗೆಲಸವನ್ನು ಹೆಸರಿಟ್ಟು ಹೊರಗಿಟ್ಟಿದೆ. ಅಂದರೆ 1980ರಲ್ಲಿ ಪುಣೆಯ ಹೆಂಗಸನ್ನು ತೆಗೆದಂತೆ ಇಂದು ಯಾರನ್ನಾದರೂ ತೆಗೆದರೆ ಆ ಸಂಹಿತೆಯಡಿ ಕೇಳುವಂತಿಲ್ಲ. ಕರ್ನಾಟಕ 2025ರಲ್ಲಿ ಹೊರಡಿಸಿದ ಕರಡು ಮಸೂದೆಯಲ್ಲಿ ನೋಂದಣಿ, ಲಿಖಿತ ಒಪ್ಪಂದ, ಸಂಬಳದ ಶೇ. 5ರವರೆಗೆ ಕಲ್ಯಾಣ ಶುಲ್ಕದ ಪ್ರಸ್ತಾಪವಿದೆ. ವಾಕಡದ ಸೊಸೈಟಿಗಳಲ್ಲಿ ಇಂದು ಗೇಟಿನ ಆ್ಯಪ್ ಬಂದ ಹೊತ್ತು, ಹೋದ ಹೊತ್ತು ಬರೆದಿಡುತ್ತದೆ, ಸಂಬಳ ಯುಪಿಐ ಮೂಲಕ ಹೋಗುತ್ತದೆ. ಕೆಲಸಕ್ಕೆ ಬಂದ ದಿನದ ಲೆಕ್ಕ ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಷ್ಟೇ ಉಳಿದಿಲ್ಲ. ಮಂಡಳಿಯ ನೋಂದಣಿಗೆ ಬೇಕಾದ ಎರಡು ಸಾಲಿನ ಪತ್ರವನ್ನು ಮಾತ್ರ ಇನ್ನೂ ಮನೆಯವರೇ ಬರೆದು ಕೊಡಬೇಕು.