ಜಲಚಕ್ರವೂ ಮಕ್ಕಳ ನಾಟಕವೂ

ಮಳೆಯ ನೀರು ಹೊಳೆಯಾಗಿ ಹರಿದು ಕಡಲನ್ನು ಸೇರುವುದೆಂಬುದನ್ನು ಮಕ್ಕಳೂ ಬಲ್ಲರು. ಆದರೆ ಇಷ್ಟೊಂದು ನದಿಗಳು ಹಗಲಿರುಳು ಬಂದು ಬಿದ್ದರೂ ಕಡಲು ಏಕೆ ತುಂಬಿ ಚೆಲ್ಲುವುದಿಲ್ಲ, ಮಳೆ ನಿಂತು ತಿಂಗಳುಗಳು ಕಳೆದರೂ ಬೆಟ್ಟದ ಒರತೆಯು ಏಕೆ ಬತ್ತುವುದಿಲ್ಲ ಎಂಬ ಪ್ರಶ್ನೆಗಳು ಪಂಡಿತರನ್ನೇ ಬಹುಕಾಲ ಕಾಡಿದುವು. ನೀರು ಇಳಿದುಬರುವ ದಾರಿ ಕಣ್ಣಿಗೆ ಕಾಣುವುದು. ಆಕಾಶಕ್ಕೆ ಏರುವ ದಾರಿಯೂ ನೆಲದೊಳಗೆ ಇಂಗುವ ದಾರಿಯೂ ಕಾಣವು. ಕಾಣದ ಈ ಎರಡು ದಾರಿಗಳನ್ನು ಮನುಷ್ಯನು ಕಂಡುಕೊಂಡ ಬಗೆಯೇ ಜಲಚಕ್ರದ ಚರಿತ್ರೆಯು.

ಏರುವ ದಾರಿಯ ಸುಳಿವು ನಮ್ಮ ಕವಿಗಳಿಗೆ ದೊರೆತಿದ್ದಿತು. ದಿಲೀಪನು ಪ್ರಜೆಗಳಿಂದ ಕರವನ್ನು ತೆಗೆದುಕೊಳ್ಳುತ್ತಿದ್ದುದನ್ನು, ಸಾವಿರ ಮಡಿಯಾಗಿ ಹಿಂದಿರುಗಿಸಲೆಂದೇ ನೀರನ್ನು ಹೀರುವ ಸೂರ್ಯನಿಗೆ ಕಾಳಿದಾಸನು ರಘುವಂಶದಲ್ಲಿ ಹೋಲಿಸಿರುವನು. ಆದರೆ ಉಪಮೆಯು ಅಳತೆಯಲ್ಲ.

ಯೂರೋಪಿನಲ್ಲಿ, ಸಮುದ್ರದ ನೀರೇ ಭೂಗರ್ಭದ ಬಿಲಗಳ ಮೂಲಕ ಬೆಟ್ಟವನ್ನೇರಿ ಒರತೆಯಾಗುವುದೆಂದು ಅನೇಕರು ನಂಬಿದ್ದರು. ಈ ಮತವನ್ನು ಖಂಡಿಸಿದವನು ಲ್ಯಾಟಿನ್ ಗ್ರೀಕ್ ಭಾಷೆಗಳನ್ನರಿಯದ ಒಬ್ಬ ಕುಂಬಾರ, ಫ್ರಾನ್ಸ್ ದೇಶದ ಬರ್ನಾರ್ ಪಲಿಸಿ. ಕಡಲ ನೀರೇ ಒರತೆಯಾಗುವುದಾದರೆ ಅದು ಉಪ್ಪಾಗಿರಬೇಡವೆ ಎಂಬುದು ಅವನ ವಾದ. ನೆಲದಲ್ಲಿ ಇಂಗಿದ ಮಳೆಯೇ ಒರತೆಗೆ ಮೂಲವೆಂಬುದು ಅವನ ಸಿದ್ಧಾಂತ. 1580ರಲ್ಲಿ ಹೊರಟ ಅವನ ಗ್ರಂಥವು ಸಂವಾದರೂಪದಲ್ಲಿದೆ. ಅದರಲ್ಲಿ ‘ಶಾಸ್ತ್ರ’ ಮತ್ತು ‘ಅನುಭವ’ ಎಂಬ ಇಬ್ಬರೇ ಪಾತ್ರಗಳು. ಶಾಸ್ತ್ರವು ಪ್ರಶ್ನಿಸುವುದು, ಅನುಭವವು ಉತ್ತರಿಸುವುದು. ಜಲಚಕ್ರದ ಒಂದು ಮೊದಲ ಪಾಠವು ಹೀಗೆ ನಾಟಕದ ಮಾತಿನಲ್ಲಿಯೇ ನಡೆದುದು ಸ್ಮರಣೀಯವು. ಮತಭೇದದ ಕಾರಣದಿಂದ ಸೆರೆಬಿದ್ದ ಪಲಿಸಿಯು ಬಾಸ್ಟೀಲಿನಲ್ಲಿಯೇ ತೀರಿಕೊಂಡನು.

ಮುಂದೆ 1674ರಲ್ಲಿ ಪಿಯೆರ್ ಪೆರೋ ಎಂಬವನು ಸೇನ್ ನದಿಯ ಮೇಲ್ದಂಡೆಯ ಪ್ರದೇಶವನ್ನು ಲೆಕ್ಕಹಾಕಿ, ಅಲ್ಲಿ ಬೀಳುವ ಮಳೆಯು ನದಿಯಲ್ಲಿ ಹರಿಯುವ ನೀರಿನ ಸುಮಾರು ಆರರಷ್ಟಿರುವುದೆಂದು ತೋರಿಸಿದನು. 1687ರಲ್ಲಿ ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿಯು ಉಪ್ಪುನೀರಿನ ಬಾಣಲೆಯನ್ನು ಬೇಸಗೆಯ ಬಿಸಿಗೆ ತಂದು, ಆವಿಯಾಗಿ ಕಳೆದ ಭಾರವನ್ನು ತೂಗಿದನು. ಅದರಿಂದ, ಮೆಡಿಟರೇನಿಯನ್ ಸಮುದ್ರವು ಬೇಸಗೆಯ ಒಂದು ದಿನಕ್ಕೆ 528 ಕೋಟಿ ಟನ್ ನೀರನ್ನು ಆವಿಯಾಗಿ ಬಿಡುವುದೆಂದು ಎಣಿಸಿದನು. ಕಡಲು ತುಂಬಿ ಚೆಲ್ಲದಿರುವುದರ ಗುಟ್ಟು ಇದೇ.

ಪಂಡಿತರಿಗೆ ಇಷ್ಟು ಪ್ರಯಾಸದಿಂದ ದೊರೆತುದನ್ನು ನಾವು ಮಕ್ಕಳಿಂದ ನಾಲ್ಕು ವಾಕ್ಯಗಳಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಇದಕ್ಕೆ ಬೇರೊಂದು ಮಾರ್ಗವುಂಟು. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಒಂದು ಹಳ್ಳಿಯ ಶಾಲೆಯಲ್ಲಿ ಹ್ಯಾರಿಯೆಟ್ ಫಿನ್ಲೇ-ಜಾನ್ಸನ್ ಎಂಬ ಮುಖ್ಯೋಪಾಧ್ಯಾಯಿನಿಯು 1910ರವರೆಗೆ ಚರಿತ್ರೆ, ಭೂಗೋಲ, ಪ್ರಕೃತಿಪಾಠಗಳನ್ನು ಮಕ್ಕಳೇ ಕಟ್ಟಿದ ನಾಟಕಗಳಿಂದ ಕಲಿಸಿದಳು. ನೋಡುವವರಿಗಾಗಿ ಆಡುವುದಲ್ಲ, ತಿಳಿಯುವುದಕ್ಕಾಗಿ ಆಡುವುದು ಆಕೆಯ ಪದ್ಧತಿ.

ಈ ಪದ್ಧತಿಯಲ್ಲಿ ಜಲಚಕ್ರವನ್ನು ಆಡಿಸಬಹುದು. ಕಡಲಾದ ಮಕ್ಕಳು ಒತ್ತಾಗಿ ಕುಳಿತಿರಲಿ. ಸೂರ್ಯನು ಸುಳಿದಾಗ ಕೆಲವರು ಆವಿಯಾಗಿ ಹಗುರವಾಗಿ ಎದ್ದು ಚದರಲಿ. ಉಪ್ಪಾದವನು ಮಾತ್ರ ಏಳಲಾರದೆ ಅಲ್ಲಿಯೇ ಕೂರಲಿ. ಪಲಿಸಿಯ ಪ್ರಶ್ನೆಗೆ ಅವನೇ ಉತ್ತರ. ಬೆಟ್ಟದ ತಂಪಿನಲ್ಲಿ ಆವಿಯು ಗುಂಪುಗೂಡಿ ಮೋಡವಾಗಿ, ಮಳೆಯಾಗಿ ಇಳಿಯಲಿ. ಕೆಲವರು ಹೊಳೆಯಾಗಿ ಓಡಲಿ, ಕೆಲವರು ಮಣ್ಣಾದವರ ನಡುವೆ ನುಸುಳುತ್ತ ಮೆಲ್ಲನೆ ಸಾಗಲಿ. ಓಡಿದವರು ಕಡಲನ್ನು ಸೇರಿ, ಆಟ ಮುಗಿಯಿತೆಂದುಕೊಳ್ಳುವ ಹೊತ್ತಿಗೆ ನುಸುಳಿದವರು ಒರತೆಯಾಗಿ ಹೊರಬರುವರು. ಬೇಸಗೆಯ ಬಾವಿಯಲ್ಲಿ ನೀರೇಕೆ ಇರುವುದೆಂಬುದನ್ನು ಆ ತಡವೇ ತಿಳಿಸುವುದು.

ಇಂತಹ ಆಟವು ನಮಗೆ ತೀರ ಹೊಸತೂ ಅಲ್ಲ. ಉತ್ತರ ಕರ್ನಾಟಕದಲ್ಲಿ ಮಳೆ ತಡೆದಾಗ ಹುಡುಗರು ತಲೆಯ ಮೇಲೆ ಗುರ್ಜಿಯನ್ನು ಹೊತ್ತು ಮನೆಮನೆಗೆ ಹೋಗುವರು. ಗೃಹಿಣಿಯರು ನೀರನ್ನು ಸುರಿಯುವರು. ಹೊತ್ತವನು ಗಿರ್ರನೆ ಸುತ್ತಿ ಹನಿಗಳನ್ನು ಚಿಮ್ಮಿಸುವನು. ಅಲ್ಲಿ ಮಳೆಯನ್ನು ಬೇಡುವರು, ಇಲ್ಲಿ ಮಳೆಯನ್ನು ಅರಿಯುವರು. ಇಂಗುವ ನೀರಿನ ದಾರಿಯನ್ನು ತನ್ನ ಮೈಯಿಂದಲೇ ನಡೆದು ಕಂಡ ಬಾಲಕನು, ಬೆಳೆದ ಮೇಲೆ ಊರಿನ ಕೆರೆಯ ಹೂಳನ್ನು ಪರರ ಕೆಲಸವೆಂದು ಬಿಡಲಾರನೆಂದು ಆಶಿಸಬಹುದು.