ಮುರಕಲ್ಲಿನ ಹೊಂಡದಲ್ಲಿ ಕಾರ್ಡೇಟಾ: ಉಡುಪಿ ಸೀಮೆಯಿಂದ ಒಂದು ಮರುನೋಟ

ಕಾರ್ಡೇಟಾ ವಂಶಕ್ಕೆ ಪಠ್ಯಪುಸ್ತಕಗಳು ನಾಲ್ಕು ಲಕ್ಷಣ ಹೇಳುತ್ತವೆ: ಬೆನ್ನಿನುದ್ದಕ್ಕೂ ಬಾಗಬಲ್ಲ ನೋಟೊಕಾರ್ಡ್ ಸರಳು, ಅದರ ಮೇಲೆ ಟೊಳ್ಳಾದ ನರಹುರಿ, ಗಂಟಲಲ್ಲಿ ಸೀಳುಗಳು, ಗುದದ್ವಾರದಿಂದಾಚೆ ಚಾಚಿದ ಬಾಲ. ಬೆಳೆದ ಪ್ರಾಣಿಯಲ್ಲಿ ಇವನ್ನು ಹುಡುಕಹೊರಟ ವಿದ್ಯಾರ್ಥಿಗೆ ಪಟ್ಟಿ ಕೈಕೊಡುತ್ತದೆ. ಕಾರಣ, ಇದು ಮೂಲತಃ ಭ್ರೂಣದ, ಮರಿಯ ಲಕ್ಷಣಪಟ್ಟಿ.

ಮಣಿಪಾಲದ ಮುರಕಲ್ಲು ಪಾದೆಗಳಿಂದ 2016ರಲ್ಲಿ ಕೆ.ಎಸ್. ಶೇಷಾದ್ರಿ, ರಮಿತ್ ಸಿಂಗಲ್, ಕೆ.ವಿ. ಗುರುರಾಜ ಮತ್ತು ಸಂಗಡಿಗರು ಮೈಕ್ರೊಹೈಲಾ ಲ್ಯಾಟರೈಟ್ ಎಂಬ ಹೊಸ ಕಪ್ಪೆಯನ್ನು ವಿವರಿಸಿದರು. ಉದ್ದ ಸುಮಾರು 1.6 ಸೆಂ.ಮೀ.; ಕೂಗು ಜೀರುಂಡೆಯದೇ ಎನ್ನಿಸುವಂತಿದೆ. ಬೆಳೆದ ಈ ಕಪ್ಪೆಗೆ ಬಾಲವೂ ಇಲ್ಲ, ಗಂಟಲ ಸೀಳೂ ಇಲ್ಲ. ಆದರೆ ಕಪ್ಪೆಗಳ ಗೊದಮೊಟ್ಟೆಯಲ್ಲಿ ನಾಲ್ಕೂ ಉಂಟು. ರೂಪಾಂತರದಲ್ಲಿ ಬಾಲ ಕರಗುತ್ತದೆ, ಅದರ ಬುಡದ ಕಶೇರುಗಳು ಬೆಸೆದು ಯೂರೊಸ್ಟೈಲ್ ಎಂಬ ಒಂದೇ ಮೂಳೆಯಾಗುತ್ತವೆ. ನೋಟೊಕಾರ್ಡಿನ ಜಾಗಕ್ಕೆ ಬೆನ್ನೆಲುಬು ಬರುತ್ತದೆ. ಮೈಕ್ರೊಹೈಲಾ ಕುಲದ ಗೊದಮೊಟ್ಟೆಗಳಿಗೆ ಕಚ್ಚುವ ಕೊಂಬಿನ ದವಡೆಯಿಲ್ಲ. ನೀರು ಹೀರಿ, ಗಂಟಲಲ್ಲೇ ಸೋಸಿ ಉಣ್ಣುತ್ತವೆ.

ಸೋಸುವ ಗಂಟಲು ಎಂದೊಡನೆ ಕಡಲ ಅಸಿಡಿಯನ್ ನೆನಪಾಗಬೇಕು. ಬಂಡೆಗೆ, ದೋಣಿಯ ಅಡಿಗೆ ಅಂಟಿ ಕೂರುವ ಈ ಚೀಲದಂಥ ಜೀವಿಯನ್ನು ಬಹುಕಾಲ ಮೃದ್ವಂಗಿಗಳ ಸಾಲಿಗೆ ಸೇರಿಸಿದ್ದರು. 1866ರಲ್ಲಿ ರಷ್ಯದ ಅಲೆಕ್ಸಾಂಡರ್ ಕೊವಲೆವ್‌ಸ್ಕಿ ಅದರ ಮರಿಯ ಬಾಲದಲ್ಲಿ ನೋಟೊಕಾರ್ಡ್ ತೋರಿಸಿದ. ವಂಶಾವಳಿಯೇ ಬದಲಾಯಿತು. ಮುಂದೆ, ಮೀನಿನಾಕಾರದ ಆಂಫಿಯಾಕ್ಸಸ್ಸೇ ಕಶೇರುಕಗಳ ಹತ್ತಿರದ ನೆಂಟ ಎಂಬ ನಂಬಿಕೆ ಬೇರೂರಿತ್ತು. 2006ರ ಜೀನ್ ಹೋಲಿಕೆ ಆ ಸ್ಥಾನವನ್ನು ಅಸಿಡಿಯನ್‌ಗಳ ಬಳಗಕ್ಕೆ ಕೊಟ್ಟಿತು. ರೂಪ ನೋಡಿ ನೆಂಟಸ್ತಿಕೆ ಕಟ್ಟುವವರಿಗೆ ಇದಕ್ಕಿಂತ ಖಾರವಾದ ಪಾಠ ನನಗೆ ಗೊತ್ತಿಲ್ಲ. ಹಾಗೆಂದು ಗೊದಮೊಟ್ಟೆ ಸೋಸುವುದನ್ನು ಅಸಿಡಿಯನ್‌ನ ನೇರ ಬಳುವಳಿ ಎನ್ನಲಾಗದು. ಗಂಟಲಿನ ಹಳೆಯ ವಿನ್ಯಾಸ ಹೊಸ ಕೆಲಸಕ್ಕೆ ಒದಗಿದೆ, ಅಷ್ಟೆ.

ಚೀನಾದ ಚೆಂಗ್‌ಜಿಯಾಂಗ್ ಶಿಲೆಗಳಲ್ಲಿ ಸಿಕ್ಕ ಹೈಕೌಇಕ್ತಿಸ್, ಸುಮಾರು 51.8 ಕೋಟಿ ವರ್ಷ ಹಳೆಯದು, ಕಿವಿರುಗಳಿದ್ದ ಮೀನಿನಂಥ ಪ್ರಾಣಿ. ಗಂಟಲಿನ ಆ ಸೀಳುಗಳನ್ನು ಇಂದೂ ಕಣ್ಣಾರೆ ನೋಡಬೇಕಾದರೆ ಕಾಪುವಿನ ಕಡಲತೀರದಲ್ಲಿ ಬಲೆಗೆ ಬಿದ್ದ ತೊರಕೆಯನ್ನು ಮಗುಚಿದರಾಯಿತು: ಹೊಟ್ಟೆಯ ಬದಿಯಲ್ಲಿ ಐದು ಜೊತೆ, ಮುಚ್ಚಳವಿಲ್ಲದೆ. ಬಂಗುಡೆಯಲ್ಲಿ ಅವು ಮುಚ್ಚಳದೊಳಗೆ ಅಡಗಿವೆ. ಕಾರ್ಕಳದ ಅಡಕೆ ತೋಟದ ಹಾರುವ ಓತಿಯಲ್ಲಿ ಸೀಳುಗಳು ಭ್ರೂಣದಾಚೆ ಉಳಿಯವು. ಬೆನ್ನೆಲುಬಿನಿಂದ ಹೊರಟ ಪಕ್ಕೆಲುಬುಗಳು ಮಾತ್ರ ಉದ್ದವಾಗಿ, ತೊಗಲನ್ನು ಹರಡಿ, ತೇಲುವ ರೆಕ್ಕೆಯಾಗಿವೆ.

ಮರಿಯ ಹಂತವೇ ಮುಖ್ಯವೆಂದ ಮೇಲೆ ಮರಿ ಬೆಳೆಯುವ ನೀರೂ ಮುಖ್ಯ. ಮಣಿಪಾಲದ ಆ ನೀರು ಮಳೆಗಾಲದಲ್ಲಿ ಮಾತ್ರ ಪಾದೆಯ ಹೊಂಡಗಳಲ್ಲಿ ನಿಲ್ಲುತ್ತದೆ. ಆಡಳಿತದ ಮಾತಿನಲ್ಲಿ ಇಂಥ ಪಾದೆಗಳ ಹೆಸರು ಇಂದಿಗೂ ಪಾಳುಭೂಮಿ.