ಹಿಮ್ಮಡಿಯ ನೋವಿನ ನಿದಾನವೂ ಚಿಕಿತ್ಸೆಯೂ: ಭದ್ರಾವತಿ–ಶಿವಮೊಗ್ಗಗಳ ಹಿನ್ನೆಲೆಯಲ್ಲಿ ಒಂದು ವಿವೇಚನೆ

ರೋಗಗಳ ಚರಿತ್ರೆಯನ್ನು ಬರೆಯುವವರ ದೃಷ್ಟಿ ಪ್ಲೇಗು, ಕಾಲರಾ, ಮಲೇರಿಯಗಳಂತಹ ಮಾರಕ ವ್ಯಾಧಿಗಳ ಕಡೆಗೆ ಹರಿಯುವುದು ಸಹಜವೇ ಆಗಿದೆ. ಪ್ರಾಣಕ್ಕೆ ಎರವಾಗದೆ ಬರಿಯ ದುಡಿಮೆಯನ್ನು ಕುಂಠಿತಗೊಳಿಸುವ ಹಿಮ್ಮಡಿಯ ನೋವಿಗೆ ಚರಿತ್ರೆಯಲ್ಲಿ ಸ್ಥಾನ ದೊರೆತಿರುವುದು ಅತ್ಯಲ್ಪ. ಆದರೆ ಭದ್ರಾವತಿಯಂತಹ ಕಾರ್ಖಾನೆಯ ಊರಿನಲ್ಲಿ ಇದನ್ನು ಕ್ಷುಲ್ಲಕವೆಂದು ಬದಿಗಿಡುವಂತಿಲ್ಲ. ಇಲ್ಲಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಕಾಗದದ ಕಾರ್ಖಾನೆ 1936ರಲ್ಲಿ ಸ್ಥಾಪಿತವಾಯಿತು. ಗದ್ದೆಯ ಕೆಲಸದಲ್ಲಿ ಬಾಗುವುದು, ಕೂರುವುದು, ನಡೆಯುವುದು ಎಂಬ ಬದಲಾವಣೆಗಳಾದರೂ ಉಂಟು. ಪಾಳಿಯ ಕೆಲಸದಲ್ಲಿಯಾದರೋ ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ನಿಲ್ಲಬೇಕಾಗುವುದು.

ನಮ್ಮ ಪ್ರಾಚೀನ ವೈದ್ಯಗ್ರಂಥಗಳಲ್ಲಿ ಈ ನೋವಿಗೆ ಸಮೀಪವಾದುದು ‘ವಾತಕಂಟಕ’. ಪಾದವನ್ನು ವಿಷಮವಾಗಿ ಊರುವುದರಿಂದ ಕೆರಳಿದ ವಾತವು ಇದಕ್ಕೆ ಕಾರಣವೆಂದು ಸುಶ್ರುತಸಂಹಿತೆಯ ಅಭಿಪ್ರಾಯ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಶ್ರಮವನ್ನೂ ಕಾರಣವೆಂದು ಸೇರಿಸುತ್ತಾನೆ. ರಕ್ತಮೋಕ್ಷಣ, ಹರಳೆಣ್ಣೆಯ ಸೇವನೆ, ಕಾದ ಸೂಜಿಯಿಂದ ಸುಡುವುದು—ಇವು ಮುಂದಿನ ಸಂಗ್ರಹಗ್ರಂಥಗಳು ಹೇಳುವ ಚಿಕಿತ್ಸೆಗಳು. ಮನೆಮದ್ದು ಇದಕ್ಕಿಂತ ಸೌಮ್ಯವಾದುದು: ಬಿಸಿ ಮಾಡಿದ ಇಟ್ಟಿಗೆಯ ಮೇಲೆ ಎಕ್ಕದ ಎಲೆಯನ್ನು ಹಾಸಿ ಹಿಮ್ಮಡಿಗೆ ಶಾಖ ಕೊಡುವ ಪದ್ಧತಿಯನ್ನು ನಮ್ಮ ಕಡೆಯ ಹಿರಿಯರಲ್ಲಿ ಅರಿಯದವರು ವಿರಳ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ವಾಗ್ಭಟನು ಹೆಸರಿಸುವ ಸ್ಥಾನ ಗುಲ್ಫ, ಅಂದರೆ ಹರಡು, ಹಿಮ್ಮಡಿಯ ತಳವಲ್ಲ. ‘ಕಂಟಕ’ವೆಂದರೆ ಮುಳ್ಳಷ್ಟೆ. ಎಕ್ಸ್‌ರೇ ಚಿತ್ರದಲ್ಲಿ ಹಿಮ್ಮಡಿಯ ಮೂಳೆಯಿಂದ ಮುಳ್ಳಿನಂತೆ ಚಾಚಿಕೊಂಡಿರುವ ಭಾಗವನ್ನು ತೋರಿಸಿ, ನಮ್ಮ ಪೂರ್ವಿಕರು ಇದನ್ನೇ ಕಂಡಿದ್ದರೆಂದು ಹೇಳುವವರುಂಟು. ಈ ವಾದವನ್ನು ಒಪ್ಪುವುದು ಕಷ್ಟ. ಪ್ರಾಚೀನರು ಹೆಸರಿಟ್ಟದ್ದು ರೋಗಿಗೆ ಮುಳ್ಳು ಚುಚ್ಚಿದಂತಾಗುವ ವೇದನೆಗೆ, ಮೂಳೆಯ ಆಕಾರಕ್ಕಲ್ಲ.

ಮೂಳೆಯ ಮುಳ್ಳಿನ ಕಥೆ ಇತ್ತೀಚಿನದು. ರಾಂಟ್‌ಗೆನ್ನನು 1895ರಲ್ಲಿ ಎಕ್ಸ್‌ಕಿರಣಗಳನ್ನು ಕಂಡುಹಿಡಿದ ಐದು ವರ್ಷಗಳಲ್ಲಿಯೇ, 1900ರಲ್ಲಿ, ಜರ್ಮನಿಯ ಪ್ಲೆಟ್ನರ್ ಈ ಮುಳ್ಳಿಗೆ ಹೆಸರಿಟ್ಟನು. ಕೆಲಕಾಲ ಗೊನೋರಿಯದ ಸೋಂಕೇ ಇದಕ್ಕೆ ಕಾರಣವೆಂಬ ನಂಬಿಕೆಯೂ ಇದ್ದಿತು. ನೋವಿನ ಜೊತೆಗೆ ರೋಗಿ ಅಪವಾದವನ್ನೂ ಹೊರಬೇಕಾಯಿತು! ಕಣ್ಣಿಗೆ ಕಂಡ ಮುಳ್ಳೇ ನೋವಿನ ಮೂಲವೆಂದು ಬಗೆದು ಅದನ್ನು ಕತ್ತರಿಸಿ ತೆಗೆದವರು ಅನೇಕರು. ನೋವಿಲ್ಲದವರಲ್ಲಿಯೂ ಇಂತಹ ಮುಳ್ಳು ಇರುವುದೆಂದೂ, ಮುಳ್ಳಿಲ್ಲದವರಿಗೂ ನೋವು ಬರುವುದೆಂದೂ ಕ್ರಮೇಣ ವಿದಿತವಾಯಿತು. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಹಾಯುವ ತಂತುಪಟ್ಟಿಯ ಮೇಲೆ ಬೀಳುವ ಅತಿಭಾರದ ಕಡೆಗೆ ವೈದ್ಯರ ಗಮನ ತಿರುಗಿತು. ಬೆಳಗ್ಗೆ ಹಾಸಿಗೆಯಿಂದೆದ್ದು ಇಡುವ ಮೊದಲ ಹೆಜ್ಜೆಗಳಲ್ಲಿ ನೋವು ತೀವ್ರವಾಗಿರುವುದು ಇದರ ಲಕ್ಷಣ. 2003ರಲ್ಲಿ ಅಮೆರಿಕದ ಲೆಮಾಂಟ್ ಮೊದಲಾದವರು ಶಸ್ತ್ರಚಿಕಿತ್ಸೆಗೊಳಗಾದ 50 ಪ್ರಕರಣಗಳ ಅಂಗಾಂಶವನ್ನು ಪರಿಶೀಲಿಸಿ, ಅಲ್ಲಿರುವುದು ಉರಿಯೂತವಲ್ಲ, ಸವೆತವೆಂದು ನಿರ್ಣಯಿಸಿದರು. ಅದೇ ವರ್ಷ ರಿಡಲ್ ಮೊದಲಾದವರು ದಿನದ ಬಹುಭಾಗ ನಿಂತು ಮಾಡುವ ದುಡಿಮೆಯನ್ನೂ ಸ್ಥೂಲದೇಹವನ್ನೂ ಈ ನೋವಿನ ಸಂಭವವನ್ನು ಹೆಚ್ಚಿಸುವ ಅಂಶಗಳಲ್ಲಿ ಗುರುತಿಸಿದರು. ವಾಗ್ಭಟನ ‘ಶ್ರಮ’ಕ್ಕೆ ಮುಳ್ಳಿನ ಸಿದ್ಧಾಂತಕ್ಕಿಂತ ಇದು ಸಮೀಪವಾದುದೆಂದು ಹೇಳಬಹುದು, ಅದಕ್ಕಿಂತ ಹೆಚ್ಚನ್ನು ಹೇಳಲಾಗದು.

ಚಿಕಿತ್ಸೆಯೂ ಇದಕ್ಕೆ ತಕ್ಕಂತೆ ಬದಲಾಗಿದೆ. ಭಾರವನ್ನು ತಗ್ಗಿಸುವುದು, ಮೀನಖಂಡವನ್ನೂ ಅಂಗಾಲನ್ನೂ ಸೆಳೆದು ಹಿಗ್ಗಿಸುವ ವ್ಯಾಯಾಮ, ಮೆತ್ತನೆಯ ಪಾದರಕ್ಷೆ—ಇವುಗಳಿಂದಲೇ ಬಹುಮಂದಿ ವರ್ಷದೊಳಗೆ ಗುಣಹೊಂದುತ್ತಾರೆ. ಸ್ಟೀರಾಯ್ಡ್ ಚುಚ್ಚುಮದ್ದಿನ ಉಪಶಮನ ಅಲ್ಪಕಾಲಿಕ. ತಂತುಪಟ್ಟಿ ಹರಿಯುವ ಅಪಾಯವೂ ಅದರಲ್ಲಿ ಉಂಟು.

ಆದರೆ ಭಾರವನ್ನು ತಗ್ಗಿಸೆಂಬ ಸಲಹೆಯನ್ನು ಪಾಳಿಯ ಕೆಲಸಗಾರನು ಪಾಲಿಸುವುದೆಂತು? ಭದ್ರಾವತಿಯ ಕುಲುಮೆ ಹೊತ್ತಿದ 1923ರಲ್ಲಿಯೇ ಬ್ರಿಟಿಷ್ ಇಂಡಿಯಾದಲ್ಲಿ ಕಾರ್ಮಿಕರ ಪರಿಹಾರ ಕಾಯಿದೆ ಅಂಗೀಕೃತವಾಯಿತು. ಅದರ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸೀಸದ ವಿಷವೂ ರಂಜಕದ ವಿಷವೂ ಇದ್ದುವು. ಹಿಮ್ಮಡಿಯ ನೋವು ಇರಲಿಲ್ಲ. ಅದು ಅಪಘಾತವೂ ಅಲ್ಲ, ಔದ್ಯೋಗಿಕ ರೋಗವೂ ಅಲ್ಲವೆಂದಾದುದರಿಂದ ಕೆಲಸಗಾರನಿಗೆ ಉಳಿದುದು ಮನೆಯ ಇಟ್ಟಿಗೆ ಮತ್ತು ಎಕ್ಕದ ಎಲೆ. 1948ರ ಕಾರ್ಖಾನೆಗಳ ಕಾಯಿದೆಯ 44ನೆಯ ಪ್ರಕರಣವು, ನಿಂತು ದುಡಿಯಬೇಕಾದವರು ಬಿಡುವು ಒದಗಿದಾಗ ಕುಳಿತುಕೊಳ್ಳಲು ಆಸನಗಳ ವ್ಯವಸ್ಥೆ ಇರಬೇಕೆಂದು ವಿಧಿಸಿತು. ಹಿಮ್ಮಡಿಯ ಹೆಸರೆತ್ತದೆಯೇ ಅದಕ್ಕೆ ಉಪಕಾರ ಮಾಡಿದ ವಿಧಿಯಿದು. ಆದರೆ ಅದರ ವ್ಯಾಪ್ತಿ ಕಾರ್ಖಾನೆಗಳಿಗೆ ಸೀಮಿತವಾಗಿದ್ದಿತು. ಅಂಗಡಿಗಳ ನೌಕರರಿಗೆ ಕೂರುವ ಹಕ್ಕನ್ನು ಕೇರಳವು 2018ರಲ್ಲಿಯೂ ತಮಿಳುನಾಡು 2021ರಲ್ಲಿಯೂ ಶಾಸನದ ಮೂಲಕ ಒದಗಿಸಿದುವು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ದಿನವಿಡೀ ನಿಂತು ಸೀರೆಗಳನ್ನು ಬಿಚ್ಚಿ ತೋರಿಸುವವರ ಹಿಮ್ಮಡಿಗಳೂ ಈ ಚರಿತ್ರೆಯೊಳಗೇ ಬರುವುವು.